ತಾಳಿ ಕಟ್ಟುವಲ್ಲಿ ನಿಂತ ಸೀಡಿ

ಬಿಳಿ ಟೂತ್‌ಪೇಸ್ಟಿನ ವಾಸನೆ ಬಂದರೆ ಇವತ್ತಿಗೂ ನನಗೆ ಮದಲೂರಿನ ನಮ್ಮ ಪಡಸಾಲೆಯ ಆ ಮಧ್ಯಾಹ್ನ ನೆನಪಾಗುತ್ತದೆ.

ಅಪ್ಪನ ತಂಗಿ ರತ್ನತ್ತೆ ಗಂಡನ ಮನೆ ಬಿಟ್ಟು ಬಂದು ವಾರವಾಗಿತ್ತು. ತೋಳಿನ ಮೇಲೆ ನೀಲಿಗಟ್ಟಿದ ಗುರುತು ಕಾಣದಂತೆ ಸೆರಗು ಹೊದ್ದು ಗೋಡೆಗೊರಗಿ ಕೂತಿರುತ್ತಿದ್ದಳು.

"ಅವ್ಳ ಮದ್ವೆ ಸೀಡಿ ಹಾಕು ಕಣ್ಲಾ, ನೋಡಿದ್ರೆ ಮನ್ಸು ಕರಗ್ತದೆ," ಎಂದು ಅಜ್ಜಿ ಅಪ್ಪನಿಗೆ ಹೇಳಿದಳು. ಹಾಕಿದರೆ, ಮಾವ ತಾಳಿ ಎತ್ತಿ ಹಿಡಿದಲ್ಲಿಗೇ ಚಿತ್ರ ಚೌಕ ಚೌಕವಾಗಿ ಒಡೆದು ನಿಂತುಬಿಟ್ಟಿತು.

ಅಪ್ಪ ಸೀಡಿಯನ್ನು ತೊಡೆಯ ಮೇಲಿಟ್ಟುಕೊಂಡು ಗೀರುಗಳಿಗೆ ಪೇಸ್ಟ್ ಹಚ್ಚಿದ. ಹಳೇ ಬನಿಯನ್ ಚೂರಿನಿಂದ ನಡುವಿನಿಂದ ಅಂಚಿನ ಕಡೆಗೆ ಮೆಲ್ಲಗೆ ಉಜ್ಜತೊಡಗಿದ. "ದುಂಡಗೆ ಉಜ್ಜಬಾರ್ದು ಕಣಮ್ಮ, ಇನ್ನೂ ಕೆಡ್ತದೆ," ಎಂದು ನನಗೆ ತೋರಿಸಿಕೊಟ್ಟ.

"ಬುಡಣ್ಣ, ಅದು ಅಲ್ಲೇ ನಿಂತಿರ್ಲಿ," ಅಂದಳು ಅತ್ತೆ.

"ಸುಮ್ಕಿರು ರತ್ನ, ಇನ್ನೊಂಚೂರು," ಎಂದ ಅಪ್ಪ. ಅವನಿಗೆ ಕೆಲಸದ ಹುಮ್ಮಸ್ಸು.

ತೊಳೆದು, ಒರೆಸಿ ಮತ್ತೆ ಹಾಕಿದ. ಚಿತ್ರ ಒಂದಿಷ್ಟು ನಡುಗಿ, ಆಮೇಲೆ ಸರಾಗವಾಗಿ ಓಡಿತು. ವಾಲಗ ಜೋರಾಯಿತು, ಅಕ್ಷತೆ ಬಿತ್ತು. ಟಿವಿಯೊಳಗಿನ ಅತ್ತೆ ತಲೆ ತಗ್ಗಿಸಿದಳು. ನಾನು ಚಪ್ಪಾಳೆ ತಟ್ಟಿದೆ.

"ನೋಡ್ದಾ, ಹೆಂಗೆ ಸರಿಯಾಯ್ತು!" ಅಂದ ಅಪ್ಪ.

ಅತ್ತೆ ಟಿವಿ ನೋಡುತ್ತಿರಲಿಲ್ಲ, ಅಪ್ಪನ ಮುಖವನ್ನೇ ನೋಡುತ್ತಿದ್ದಳು. "ಇನ್ನೊಂದ್ಸಲ ತಾಳಿ ಕಟ್ಸ್‌ಬುಟ್ಯಲ್ಲಣ್ಣ," ಎಂದಳು.

ಅಪ್ಪನ ಬೆರಳುಗಳಲ್ಲಿ ಇನ್ನೂ ಪೇಸ್ಟ್ ಅಂಟಿಕೊಂಡಿತ್ತು. ಅಜ್ಜಿ ಆಗಲೇ ಒಳಗೆ ಹೋಗಿ ಅತ್ತೆಯ ಸೀರೆಗಳನ್ನು ಮಡಚಿ ಬ್ಯಾಗಿಗೆ ತುಂಬುತ್ತಿದ್ದಳು.