ಕರೆಯದೆ ಬರುತ್ತಿದ್ದ ಜಾಹೀರಾತುಗಳು

ಬಿಸಿಯಾದ ಕಂಪ್ಯೂಟರಿನ ಧೂಳಿನ ವಾಸನೆ ಬಂದರೆ ಈಗಲೂ ಸಿಂದಗಿಯ ನಮ್ಮ ಮನೆಯ ಆ ಮಧ್ಯಾಹ್ನ ನೆನಪಾಗುತ್ತದೆ.

ಪರದೆಯ ಮೇಲೆ ಅರೆಬೆತ್ತಲೆ ಹೆಂಗಸರ ಜಾಹೀರಾತುಗಳು ತಾವಾಗಿಯೇ ತೆರೆದುಕೊಳ್ಳುತ್ತಿದ್ದವು. ಮುಚ್ಚಿದರೆ ಮತ್ತೆ ಬರುತ್ತಿದ್ದವು.

"ಏನೇನ್ ನೋಡ್ತಿ ಇದರಾಗ? ನಾಳಿಂದ ಬಂದ್ ಮಾಡ್ತೇನಿ," ಎಂದು ಅಪ್ಪ ಅಕ್ಕನ ಮೇಲೆ ರೇಗಿ ಹೊರಟುಹೋದರು. ಅವಳು ಪರೀಕ್ಷೆಗೆ ಓದುತ್ತಿದ್ದದ್ದೇ ಅದರಲ್ಲಿ.

ಅಕ್ಕ ಕಣ್ಣೊರೆಸಿಕೊಂಡಳು. "ಇವು ಎಲ್ಲಿಂದ ಬರ್ತಾವು ನೋಡೇ ಏಳಾಕಿ ನಾ," ಎಂದು ಕೂತಳು. ಅನುಮಾನ ಬಂದ ಒಂದೊಂದೇ ಪ್ರೋಗ್ರಾಮ್ ತೆಗೆದು, ಪ್ರತಿ ಸಲ ಕಂಪ್ಯೂಟರ್ ಆರಿಸಿ ಹಚ್ಚಿದಳು. ಕೊನೆಗೆ ಅಪ್ಪ ಹಾಕಿಕೊಂಡಿದ್ದ ಪುಕ್ಕಟೆ ಇಸ್ಪೀಟ್ ಆಟ ತೆಗೆದ ಮೇಲೆ ಪರದೆ ಶಾಂತವಾಯಿತು.

ಸಂಜೆ ಅಪ್ಪ ಕೇಳಿದರು, "ಏನಾಗಿತ್ತು?"

"ನಿಮ್ಮ ಇಸ್ಪೀಟ್ ಆಟದ ಕೂಡ ಬರ್ತಿದ್ವುರಿ ಅಪ್ಪಾ. ತಗದೇನಿ," ಎಂದಳು ಅಕ್ಕ, ತಲೆ ತಗ್ಗಿಸದೆ.

ಎಂದೂ ಅಡುಗೆಮನೆಗೆ ಕಾಲಿಡದ ಅಪ್ಪ ಅಂದು ತಾವೇ ಒಳಗೆ ಹೋಗಿ, ತಟ್ಟೆಗೆ ರೊಟ್ಟಿ, ಶೇಂಗಾ ಚಟ್ನಿ ಹಾಕಿ ತಂದು ಅವಳ ಮುಂದಿಟ್ಟರು.