ಮಂಗಳವಾರದ ಗಡ್ಡ

ಬೇಕಾದ ದಿನಗಳನ್ನಷ್ಟೇ ಬದುಕಿ, ಬೇಡದವನ್ನು ಬಿಟ್ಟುಬಿಡಬಹುದು ಎಂಬ ಕಾನೂನು ಬಂದಮೇಲೆ ವಾರದ ಏಳು ದಿನಗಳಿಗೂ ಗಿರಾಕಿ ಹುಡುಕುವ ಪಾಡು ಬಂತು. ಮಾರ್ಕೆಟಿಂಗ್ ಸಲಹೆಗಾರ್ತಿ ಶಶಿಕಲಾ ಬಣಕಾರ್ ಹೆಸರು ಮಾಡಿದ್ದೇ ಹಾಗೆ. ಶುಕ್ರವಾರಕ್ಕೆ ಜನ ಮುಗಿಬೀಳುವಂತೆ ಮಾಡಿದ್ದು ಅವಳೇ.

ಈಗ ದಾವಣಗೆರೆಯ ಅವಳ ಆಫೀಸಿಗೆ ಮಂಗಳವಾರವೇ ಬಂದು ಕೂತಿತ್ತು. ಎದೆಯವರೆಗೆ ಗಡ್ಡ, ಭುಜದವರೆಗೆ ಕೂದಲು.

"ಹೀಗಿದ್ರೆ ನಿಮ್ಮನ್ನ ಯಾರು ತಗೋತಾರೆ? ಮೊದಲು ಕಟಿಂಗ್ ಮಾಡಿಸ್ಕೊಳ್ಳಿ," ಎಂದಳು ಶಶಿಕಲಾ.

"ನಾನು ಹೋದಾಗೆಲ್ಲ ಕಟಿಂಗ್ ಶಾಪಿಗೆ ರಜೆ ಮೇಡಂ," ಎಂದಿತು ಮಂಗಳವಾರ. "ಹೆಣ್ಣು ನೋಡೋಕೆ ನಾನು ಬೇಡ, ಗೃಹಪ್ರವೇಶಕ್ಕೂ ಬೇಡ. ಈ ತಿಂಗಳೂ ಯಾರೂ ತಗೊಳ್ಳದಿದ್ರೆ ನನ್ನ ಮುಚ್ಚಿಬಿಡ್ತಾರಂತೆ."

ಶಶಿಕಲಾಗೆ ಕನಿಕರವಾಯಿತು. "ಹೆದರಬೇಡಿ. ನಿಮ್ಮಲ್ಲಿ ಏನೂ ದೋಷ ಇಲ್ಲ. ಜನರ ತಲೇಲಿರೋ ಮೂಢನಂಬಿಕೆ ಕಿತ್ತುಹಾಕೋದು ನನ್ನ ಜವಾಬ್ದಾರಿ."

ಮಂಗಳವಾರದ ಕಣ್ಣು ತುಂಬಿಬಂತು. "ಹಾಗಾದ್ರೆ ಈಗಲೇ ಸಹಿ ಹಾಕ್ಲಾ?" ಎಂದು ಪೆನ್ನು ಎತ್ತಿಕೊಂಡಿತು.

ಶಶಿಕಲಾ ಒಪ್ಪಂದದ ಕಾಗದವನ್ನು ಮೆಲ್ಲಗೆ ತನ್ನ ಕಡೆಗೆ ಎಳೆದುಕೊಂಡಳು.

"ಇವತ್ತು ಮಂಗಳವಾರ ಅಲ್ವಾ, ಒಳ್ಳೆ ಕೆಲಸ ಶುರು ಮಾಡೋದು ಬೇಡ," ಎಂದಳು. "ನಾಳೆ ಬನ್ನಿ."