ಗಿಡ್ಡ ಗೋಲು

ಈಗಲೇ ಹೇಳಿಬಿಡಬೇಕೆ? ಗುಲಬರ್ಗಾ ಮುಟ್ಟಿದ ಮೇಲೆ ಹೇಳಿದರೆ ಹುಡುಗಿ ಗಾಬರಿಯಾಗುತ್ತಾಳೆ. ಈಗ ಹೇಳಿದರೆ, ಇಷ್ಟು ದಿನ ಯಾಕೆ ಹೇಳಲಿಲ್ಲ ಎಂದು ಕೇಳುತ್ತಾಳೆ. ಬಸ್ಸು ಕಡಗಂಚಿ ದಾಟಿತು. ಡ್ರಿಲ್ ಮಾಸ್ತರ ಅಂಬಾರಾಯ ಕಿಟಕಿಯ ಸರಳು ಹಿಡಿದು ತೊಗರಿ ಹೊಲಗಳನ್ನೇ ನೋಡುತ್ತ ಕೂತಿದ್ದ. ಮುಂದಿನ ಸೀಟಿನಲ್ಲಿದ್ದ ಶಮಶಾದ, ಅವನು ಕಲಿಸುತ್ತಿದ್ದ ಹುಡುಗಿಯರ ಫುಟ್‌ಬಾಲ್ ತಂಡದ ಗೋಲ್‌ಕೀಪರ್, ತಾಯಿ ಹಳೆಯ ಕೌದಿಯ ಬಟ್ಟೆಯಲ್ಲಿ ಹೊಲಿದುಕೊಟ್ಟ ಕೈಗವಸನ್ನು ಹಾಕುತ್ತಿದ್ದಳು, ತೆಗೆಯುತ್ತಿದ್ದಳು.

"ಸರ, ಇವತ್ತ ಗೆದ್ದರ ಮೈದಾನ ನಮಗೇ ಅಲ್ರಿ?"

"ಗೌಡ್ರು ಮಾತು ಕೊಟ್ಟಾರಲ್ಲ."

"ಸೋತರ?"

"ಸೋತರ ದನದ ಸಂತಿ," ಎಂದಳು ಹಿಂದಿನಿಂದ ಮಾಣಿಕಮ್ಮ. "ನೀ ಎಮ್ಮಿಗಿ ಗೋಲ್ ಹೊಡಿಯೋದು ಕಲಸ್ಕೋತ ಕೂಡು ಬೇ." ಹುಡುಗಿಯರೆಲ್ಲ ನಕ್ಕರು. ಅಂಬಾರಾಯ ನಗಲಿಲ್ಲ.

ಆಳಂದದ ಆ ಮೈದಾನ ನಿಜಾಮನ ಕಾಲದ್ದು. ಗಂಡಸರ ತಂಡ ಒಡೆದು ಎಷ್ಟೋ ವರ್ಷವಾಗಿ, ಕಲ್ಲಿನ ಮೆಟ್ಟಿಲುಗಳ ಮೇಲೆ ಸಗಣಿಯ ಕುಳ್ಳು ಒಣಗುತ್ತಿದ್ದವು. ಅದನ್ನು ಹುಡುಗಿಯರಿಗೆ ಬಿಟ್ಟುಕೊಡಿ ಎಂದು ಅಂಬಾರಾಯ ಮೈದಾನ ಕಮಿಟಿಯ ದೌಲತರಾಯ ಗೌಡರ ಮನೆಗೆ ತಿರುಗಿ ತಿರುಗಿ ಚಪ್ಪಲಿ ಸವೆಸಿದ್ದ. ಕೊನೆಗೆ ಗೌಡರು ಒಪ್ಪಿದರು: ಸದ್ಯಕ್ಕೆ ಆಡಲಿ, ಗುಲಬರ್ಗಾದ ಪಂದ್ಯ ಗೆದ್ದರೆ ಮೈದಾನ ಕಾಯಂ ಅವರದೇ, ಸೋತರೆ ದನದ ಸಂತೆಗೆ. ಒಪ್ಪಿದ್ದಷ್ಟೇ ಅಲ್ಲ, ಖುದ್ದು ಬಂದು ಗೋಲಿನ ಕೆಳಗೆ ನಿಂತು ಮೇಲೆ ನೋಡಿ ಮರುಗಿದರು. "ಹುಡಿಗ್ಯಾರು, ಪಾಪ, ಇಷ್ಟೆತ್ತರ ಹ್ಯಾಂಗ ಜಿಗೀತಾರ? ಎರಡು ಫೂಟು ಕೊಯ್ದು ಹಾಕ್ರಿ." ಬಡಿಗ ಸಾಗವಾನಿಯ ಕಂಬಗಳಿಗೆ ಗರಗಸ ಹಚ್ಚಿದ. ಗೌಡರದು ಎಂಥ ದೊಡ್ಡ ಮನಸ್ಸು ಎಂದು ಕಮಿಟಿಯವರು ತಲೆದೂಗಿದರು. ಗೋಲಿನ ಅಳತೆ ಹೆಣ್ಣಿಗೂ ಗಂಡಿಗೂ ಒಂದೇ ಎಂಬುದು ಅಲ್ಲಿದ್ದವರಲ್ಲಿ ಅಂಬಾರಾಯನೊಬ್ಬನಿಗೆ ಗೊತ್ತಿತ್ತು. ಬಾಯಿ ತೆರೆದರೆ ಕೊಟ್ಟ ಮೈದಾನವನ್ನೂ ಗೌಡರು ಕಸಿದುಕೊಂಡಾರು ಎಂದು ಸುಮ್ಮನಿದ್ದ. ತಾನು ಸುಮ್ಮನಿದ್ದದ್ದಕ್ಕೆ ಅದೇ ಕಾರಣ ಎಂದು ಅಂದಿನಿಂದ ತನಗೆ ತಾನೇ ಹೇಳಿಕೊಳ್ಳುತ್ತ ಬಂದಿದ್ದ.

ಆ ಗಿಡ್ಡ ಗೋಲಿನ ಮುಂದೆಯೇ ಶಮಶಾದಳ ಕಣ್ಣು ಪಳಗಿತು. ಎದುರಿನವಳು ಒದ್ದ ಕ್ಷಣವೇ ಚೆಂಡು ಒಳಗೆ ಬರುವುದೋ, ಅಡ್ಡಪಟ್ಟಿಯ ಮೇಲೆ ಹಾರಿ ಹೋಗುವುದೋ ಎಂದು ಅವಳಿಗೆ ತಿಳಿಯುತ್ತಿತ್ತು. ಒಳಗೆ ಬರುವುದನ್ನು ಅವಳು ಎಂದೂ ಬಿಟ್ಟವಳಲ್ಲ. ಮೇಲೆ ಹೋಗುವುದಕ್ಕೆ ಕೈ ಕೂಡ ಎತ್ತುತ್ತಿರಲಿಲ್ಲ; ಸೊಂಟದ ಮೇಲೆ ಕೈಯಿಟ್ಟು, ಹೋಗತಾ ಇರು ಎನ್ನುವಂತೆ ನೋಡುತ್ತಿದ್ದಳು. ಅವಳ ಆ ಗತ್ತು ನೋಡಲೆಂದೇ ಸಂಜೆ ನಾಲ್ಕು ಜನ ಮೆಟ್ಟಿಲ ಮೇಲೆ ಬಂದು ಕೂಡುವಂತಾಗಿತ್ತು.

ಗುಲಬರ್ಗಾದ ಮೈದಾನದಲ್ಲಿ ಗೋಲಿನ ಕೆಳಗೆ ಹೋಗಿ ನಿಂತ ಶಮಶಾದ ತಲೆಯೆತ್ತಿದಳು. ಅಲ್ಲಿಂದಲೇ ಕೂಗಿದಳು. "ಸರ, ಇದು ಗಂಡಸರದ್ದೇನ್ರಿ? ಭಾಳ ಎತ್ತರ ಅದ."

ಅಂಬಾರಾಯ ಹಿಂದೆ ತಿರುಗಿ ನೋಡಿದ. ಗೌಡರು ಜೀಪಿನಲ್ಲಿ ಬಂದು ಅವನ ಹಿಂದೆಯೇ ಕುರ್ಚಿ ಹಾಕಿಸಿಕೊಂಡು ಕೂತಿದ್ದರು.

"ಅದನ್ನೇನ್ ನೋಡ್ತಿ ಬೇ? ಚೆಂಡು ನೋಡು," ಎಂದ.

ಮೊದಲರ್ಧದಲ್ಲಿ ಗೋಲು ಆಗಲಿಲ್ಲ. ನೆಲ ಸವರಿ ಬಂದವನ್ನೂ ಎದೆಮಟ್ಟಕ್ಕೆ ಬಂದವನ್ನೂ ಶಮಶಾದ ಒಂದೂ ಬಿಡದೆ ತಡೆದಳು. ಗೌಡರೇ "ಭಲೆ ಪೋರಿ" ಎಂದರು. ಆಮೇಲೆ ಎದುರು ತಂಡದ ಒಬ್ಬ ಉದ್ದನೆಯ ಹುಡುಗಿ ದೂರದಿಂದ ಎತ್ತಿ ಒದ್ದಳು. ಶಮಶಾದ ಚೆಂಡನ್ನು ನೋಡಿದಳು, ಅಳೆದಳು, ಸೊಂಟದ ಮೇಲೆ ಕೈಯಿಟ್ಟಳು. ಚೆಂಡು ಅವಳ ನೆತ್ತಿಯ ಮೇಲಿಂದ ಹಾದು ಒಳಗೆ ಬಿತ್ತು. ಅವಳಿಗೆ ಅದು ತಿಳಿಯಲೇ ಇಲ್ಲ. ಹೊರಗೆ ಹೋದ ಚೆಂಡನ್ನು ಯಾರಾದರೂ ತಂದುಕೊಡಲಿ ಎಂದು ಕೈ ಚಾಚಿ, ಮುಂದೆ ನೋಡುತ್ತಲೇ ನಿಂತಿದ್ದಳು. ಸೀಟಿ ಕೇಳಿ, ಎದುರಿನವರು ಕುಣಿಯುವುದನ್ನು ಕಂಡು, ಮೆಲ್ಲಗೆ ತಿರುಗಿ ನೋಡಿದಳು.

ಎರಡನೆಯದಕ್ಕೆ ಕೈ ಎತ್ತಿದಳು. ಆದರೆ ಹಳೆಯ ರೂಢಿ ಆ ಕೈಯನ್ನು ಒಂದು ಕ್ಷಣ ಹಿಡಿದಿಟ್ಟಿತ್ತು. ಅಷ್ಟರಲ್ಲಿ ಚೆಂಡು ಒಳಗಿತ್ತು. ಆ ಎರಡು ಗೋಲಿಗೇ ಪಂದ್ಯ ಸೋತರು.

"ನೋಡಿದ್ಯಾ ಮಾಸ್ತರ?" ಗೌಡರು ಎದ್ದು ಧೋತರದ ಚುಂಗು ಕೊಡವಿದರು. "ಬೀಗತಿ ನಿಂತಂಗ ನಿಂತಾಳಲ್ಲೋ! ಇವರ ಸಲುವಾಗಿ ಗೋಲು ಸೈತ ಸಣ್ಣದು ಮಾಡಿಸಿ ಕೊಟ್ಟೆ. ಇನ್ನೇನ್ ಮಾಡಬೇಕು ನಾ? ಬರೋ ವಾರದಿಂದ ಸಂತಿ ಅಲ್ಲೇ ಕೂಡಲಿ, ಬಿಡು."

"ಹೌದ್ರಿ," ಎಂದ ಅಂಬಾರಾಯ.

ಮರಳುವ ಬಸ್ಸಿನಲ್ಲಿ ಶಮಶಾದ ಎದ್ದು ಬಂದು ಅವನ ಪಕ್ಕದಲ್ಲಿ ಕೂತಳು. ಕೈಗವಸನ್ನು ಮಡಿಚಿ ತೊಡೆಯ ಮೇಲಿಟ್ಟುಕೊಂಡಳು.

"ಸರ, ನನ್ನ ಕಣ್ಣು ತಪ್ಪಿಲ್ರಿ. ನಮ್ಮ ಗೋಲೇ ಗಿಡ್ಡ ಇತ್ತು. ಹೌದಿಲ್ರಿ?"

ಅವನು ತಲೆಯಾಡಿಸಿದ.

"ನಿಮಗ ಗೊತ್ತಿತ್ತು." ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಲೆಕ್ಕ ಬಿಡಿಸುವವಳ ಹಾಗೆ ತನ್ನಷ್ಟಕ್ಕೆ ಮುಂದುವರಿದಳು. "ನೀವು ಬಾಯಿ ಬಿಟ್ಟಿದ್ದರ ಗೌಡ್ರು ಮೈದಾನೇ ಕೊಡ್ತಿರಲಿಲ್ಲ. ನಮಗ ಸಿಗಲಿ ಅಂತ ಸುಮ್ನಿದ್ರಿ. ಬಿಡ್ರಿ ಸರ, ನಿಮ್ಮನ್ನ ಬಿಟ್ಟರ ನಮಗ ಯಾರಿದ್ರು?"

ಅಂಬಾರಾಯ ಕಿಟಕಿಯತ್ತ ಮುಖ ತಿರುಗಿಸಿದ. ಬಡಿಗ ಆ ಕಂಬ ಕೊಯ್ಯುತ್ತಿದ್ದಾಗ, ಈ ಹುಡುಗಿಯರು ಆಳಂದ ಬಿಟ್ಟು ಇನ್ನೆಲ್ಲಿ ಆಡಲು ಹೋಗುತ್ತಾರೆ, ನಡೆದೀತು ಎಂದು ತಾನೂ ಅಂದುಕೊಂಡಿದ್ದ. ಅದನ್ನು ಅವನು ಹೇಳಲಿಲ್ಲ.